ಮಾನ್ಯ ಮೂಲಸ್ವರ ಮಹಾಶಯರೇ, ತಮ್ಮ ಖಾಯಂ ವಿಳಾಸ ಯಾವುದು?

ಗಿಟಾರಿನ ಕುತ್ತಿಗೆಯ ಮೇಲೆ ಎಲ್ಲೋ ಒಂದು ಕಡೆ, ಬಹುಶಃ ಎಲ್ಲ ಕಡೆಯೂ ವಾಸವಾಗಿರುವ ಶ್ರೀಮಾನ್ ಮೂಲಸ್ವರ ಮಹಾಶಯರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಪಾದಗಳು ಈ ಹೊತ್ತಿನಲ್ಲಿ ಯಾವ ತಂತಿಯ ಮೇಲಿವೆಯೆಂದು ತಿಳಿಯದ ಕಾರಣ ಆರೂ ತಂತಿಗಳಿಗೆ ಒಟ್ಟಿಗೇ ನಮಸ್ಕಾರ ಹಾಕಿ ಈ ಪತ್ರ ಆರಂಭಿಸುತ್ತಿದ್ದೇನೆ. ಮೊದಲು ಕ್ಷೇಮ ವಿಚಾರಿಸುವುದು ವಾಡಿಕೆ. ಆದರೆ ಒಂದೇ ಹಲಗೆಯ ಮೇಲೆ ಅಷ್ಟೊಂದು ಮನೆ ಮಾಡಿಕೊಂಡವರ ಕ್ಷೇಮಕ್ಕೇನು ಕೊರತೆ ಎಂದು ಆ ಸಾಲನ್ನು ಬಿಟ್ಟಿದ್ದೇನೆ. ನನ್ನ ಕ್ಷೇಮ ಕೇಳುವಿರಾದರೆ, ಎಡಗೈಯ ನಾಲ್ಕು ಬೆರಳುಗಳ ತುದಿ ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗೆ ಉರಿಯುತ್ತಿದೆ, ಹೆಬ್ಬೆರಳು ಮಾತ್ರ ಹಲಗೆಯ ಹಿಂದೆ ಅವಿತುಕೊಂಡು ಬಚಾವಾಗಿದೆ, ಮತ್ತು ಇದಕ್ಕೆಲ್ಲ ತಾವೇ ಹೊಣೆ ಎಂದು ಅತ್ಯಂತ ಗೌರವಪೂರ್ವಕವಾಗಿ ತಿಳಿಸಬಯಸುತ್ತೇನೆ.

ತಮಗೆ ನನ್ನ ಪರಿಚಯವಿರಲಾರದು. ತಪ್ಪು ತಮ್ಮದೇ, ಏಕೆಂದರೆ ಈ ಬೀದಿಯಲ್ಲಿ ನನ್ನನ್ನು ಅರಿಯದವರಿಲ್ಲ. ನಾನು ಟೈಲರ್. ಇಲ್ಲಿ ಓಡಾಡುವ ಪ್ಯಾಂಟುಗಳಲ್ಲಿ ಅರ್ಧದಷ್ಟು ನಾನು ಹೊಲಿದವು, ಉಳಿದವು ನನ್ನ ಕೈಯಲ್ಲಿ ರಿಪೇರಿಯಾಗುವ ಯೋಗಕ್ಕಾಗಿ ಕಾಯುತ್ತಿರುವವು. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಅದೂ ಮೇಷ್ಟ್ರಿಗೆ ಸಾಕೆನಿಸುವಷ್ಟು ದಿನ ಮಾತ್ರ. ಆದರೆ ಪತ್ರಲೇಖನದಲ್ಲಿ ನನ್ನನ್ನು ಮೀರಿಸಿದವರು ಆ ಶಾಲೆಯಲ್ಲಿ ಹುಟ್ಟಲಿಲ್ಲ; ಇಡೀ ತರಗತಿಗೆ ರಜೆಯ ಅರ್ಜಿ ಬರೆದುಕೊಡುತ್ತಿದ್ದವನು ನಾನೇ, ಮತ್ತು ಒಮ್ಮೆ ಇಡೀ ತರಗತಿಗೆ ಒಂದೇ ದಿನ, ಒಂದೇ ಅಕ್ಷರದಲ್ಲಿ, ಒಂದೇ ಜ್ವರ ಬಂದದ್ದು ಕೇವಲ ಕಾಕತಾಳೀಯ. ಇಂಥವನು ತಮ್ಮಂಥ ಹಿರಿಯರ ಮೇಲೆ ದೂರು ಬರೆಯಲು ಕುಳಿತಿದ್ದಾನೆಂದರೆ ವಿಷಯ ಎಷ್ಟು ದೊಡ್ಡದಿರಬೇಕು, ತಾವೇ ಯೋಚಿಸಿ.

ವಿಷಯ ನನ್ನ ಅಕ್ಕನ ಮಗಳದು. ಅಕ್ಕನೂ ಅವಳೂ ನನ್ನ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದಾರೆ. ಹುಡುಗಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್. ಮೊದಲೆಲ್ಲ ಅವಳು ಹಾಡಿದರೆ ನನ್ನ ಹೊಲಿಗೆ ಯಂತ್ರದ ಸದ್ದು ತಾನಾಗಿ ತಗ್ಗುತ್ತಿತ್ತು, ಏಕೆಂದರೆ ನಾನು ಪೆಡಲ್ ತುಳಿಯುವುದನ್ನು ಮರೆಯುತ್ತಿದ್ದೆ. ಆಮೇಲೆ ಮಕ್ಕಳ ಮೇಲೆ ಕೂಗಿ ಕೂಗಿ ಗಂಟಲಲ್ಲಿ ಗಂಟಾಯಿತು, ಆಪರೇಷನ್ ಆಯಿತು, ಡಾಕ್ಟರು ಧಾರಾಳವಾಗಿ ಹಾಡಬಹುದು ಎಂದರು. ಆದರೆ ವಾಪಸು ಬಂದದ್ದು ಬೇರೆಯೇ ದನಿ. ದಪ್ಪಗೆ, ಕೆಳಗೆ, ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡೆಂದು ಹೆಡ್‌ಮಿಸ್ ಹೇಳಿ, ಹಿನ್ನೆಲೆ ಸಂಗೀತದ ರೆಡಿಮೇಡ್ ಟ್ರ್ಯಾಕ್ ಒಂದನ್ನು ಹಾಕಿದರೆ, ಆ ಟ್ರ್ಯಾಕು ಮಹಡಿಯ ಮೇಲೆ, ಇವಳ ದನಿ ನೆಲಮಾಳಿಗೆಯಲ್ಲಿ. ಇವಳು ಕುತ್ತಿಗೆಯ ನರ ಉಬ್ಬಿಸಿ ಎಟುಕಲು ನೋಡಿ, ಎಟುಕದೆ, ಮನೆಗೆ ಬಂದು, ನನ್ನ ಕತ್ತರಿ ಹಾಕುವ ಮೇಜಿನ ಮೇಲೆ ತಲೆಯಿಟ್ಟು, "ನನ್ನ ದನಿ ಹೋಯ್ತು ಮಾಮ, ಇನ್ಮೇಲೆ ನಂಗೆ ಹಾಡು ಅನ್ಬೇಡಿ ಯಾರೂ" ಎಂದುಬಿಟ್ಟಳು.

ಆಗ ನಾನು ಆಡಿದ ಮಾತನ್ನು ತಾವು ಎಲ್ಲಿದ್ದರೂ ಕೇಳಿಸಿಕೊಂಡಿರುತ್ತೀರಿ, ಏಕೆಂದರೆ ಬೀದಿಯ ಕೊನೆಯವರೆಗೂ ಕೇಳಿಸಿತ್ತು. "ಹೋಗಿಲ್ಲ ಕಣೇ, ಕೆಳಗಿನ ಮನೆಗೆ ಬಾಡಿಗೆಗೆ ಹೋಗಿದೆ ಅಷ್ಟೇ. ಬಟ್ಟೇನ ಮೈಗೆ ಹೊಂದಿಸ್ಬೇಕೋ, ಮೈನ ಬಟ್ಟೆಗೋ? ಆ ಟ್ರ್ಯಾಕ್ ಕಸದ ಬುಟ್ಟಿಗೆ ಹಾಕು. ನಿನ್ನ ದನಿ ಎಲ್ಲಿದ್ಯೋ ಅಲ್ಲಿಗೇ ಹಾಡು ಇಳಿಸಿ ಕೊಡ್ತೀನಿ. ಗಿಟಾರ್ ನಾನು ನುಡಿಸ್ತೀನಿ!" ಹುಡುಗಿ ತಲೆಯೆತ್ತಿ ಕಣ್ಣೊರೆಸಿಕೊಂಡು, "ನಿನಗೆ ಗಿಟಾರ್ ಬರುತ್ತಾ ಮಾಮ?" ಎಂದಳು. ನಾನು, "ಬರ್ದೇ ಏನು?" ಎಂದೆ. ಇದು ಸುಳ್ಳಲ್ಲ, ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಟ್ಟೆ. ಅವಳು ಮೇಜು ಬಿಟ್ಟು ಎದ್ದು, "ಸರಿ, ಇದೊಂದು ಸಲ. ಆಗಲಿಲ್ಲ ಅಂದ್ರೆ ಮತ್ತೆ ಯಾವತ್ತೂ ಇಲ್ಲ" ಎಂದಳು. ಆ ಕೊನೆಯ ಮಾತು ಮಾತ್ರ ಗುಂಡುಸೂಜಿಯ ಹಾಗೆ ನನ್ನ ಎದೆಯಲ್ಲಿ ಉಳಿಯಿತು.

ನನ್ನ ಅಂಗಡಿಯ ಮೇಲಿನ ಕೋಣೆಯಲ್ಲೇ ಗಿಟಾರ್ ಮೇಷ್ಟ್ರೊಬ್ಬರು ಪಾಠ ಹೇಳುತ್ತಾರೆ. ಮಾತಿನ ನಡುವೆಯೂ ಮೂಗಿನಲ್ಲಿ ಏನನ್ನೋ ಹಾಡಿಕೊಳ್ಳುವ ಅವರಿಗೆ ಬೀದಿಯವರು ಗುನುಗು ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಅವರು ನನ್ನ ಕೈಗೆ ಹಳೆಯ ಗಿಟಾರೊಂದನ್ನು ಕೊಟ್ಟು, ತಂತಿಗಳ ಕೆಳಗೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳನ್ನು ತೋರಿಸಿ, ಒಂದು ಗೆರೆಗೂ ಇನ್ನೊಂದಕ್ಕೂ ನಡುವಿನ ಜಾಗವೇ ಒಂದು ಮನೆಯೆಂದು ತಿಳಿದುಕೊಳ್ಳಿ, ಮನೆಗೊಂದು ಸ್ವರ ಎಂದರು. ಸ್ಕೇಲ್ ಎಂದರೆ ಆ ಮನೆಗಳಲ್ಲಿ ಕೆಲವನ್ನು ಮಾತ್ರ ತಟ್ಟಿ, ಕೆಲವನ್ನು ಬಿಟ್ಟು ನಡೆಯುವ ನಮೂನೆ. ಆ ನಮೂನೆಯನ್ನು ಬೆರಳಿಗೆ ಕಲಿಸಿದರೆ ಹಲಗೆಯ ಮೇಲೆ ಎಲ್ಲಿಗೆ ಬೇಕಾದರೂ ಸರಿಸಬಹುದು. ಎಲ್ಲಿಗೆ ಸರಿಸಬೇಕೆಂದು ಹೇಳುವವರು ಮಾತ್ರ ತಾವು, ಮೂಲಸ್ವರ. "ಹಾಡು ಹೊರಡೋದೂ ಅಲ್ಲಿಂದ್ಲೇ, ಸುತ್ತಾಡಿ ದಣಿದು ಬಂದು ಕೂರೋದೂ ಅಲ್ಲೇ. ಅವರನ್ನ ಹಿಡೀರಿ ಸ್ವಾಮಿ, ಉಳಿದೋರೆಲ್ಲ ಹಿಂದೆ ಬರ್ತಾರೆ." ಇಷ್ಟು ಕೇಳಿ ನಾನು ಇದೇನು ಮಹಾ ವಿದ್ಯೆ, ಅಳತೆ ಒಂದೇ, ಗಿರಾಕಿ ಬೇರೆ ಎಂದು ಮೀಸೆ ತಿರುವಿದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಹೇಳಿದ್ದಾರೆ. ಮಾತು ಆಗಲೇ ಆಡಿಯಾಗಿತ್ತು, ತೂತಿನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮಾನ್ಯರೇ, ಈಗ ತಮ್ಮ ವಾಸಸ್ಥಳಗಳ ಬಗ್ಗೆ ಎರಡು ಮಾತು. ಎಲ್ಲಕ್ಕಿಂತ ಮೇಲಿರುವ ದಪ್ಪ ತಂತಿಗೆ ಕೆಳಗಿನ ದನಿ ಎಂದೂ, ಎಲ್ಲಕ್ಕಿಂತ ಕೆಳಗಿರುವ ಸಣ್ಣ ತಂತಿಗೆ ಮೇಲಿನ ದನಿ ಎಂದೂ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರ ಜೇಬುಗಳನ್ನು ಪ್ಯಾಂಟಿನ ಒಳಮುಖಕ್ಕೆ ಹೊಲಿದು ಕೊಡುವ ಆಸೆ ನನಗಿದೆ. ಅದಿರಲಿ. ಆ ದಪ್ಪ ತಂತಿಯ ಐದನೆಯ ಮನೆಯಲ್ಲಿ ತಮ್ಮನ್ನು ಕಂಡು ಹಿಡಿದೆನೆಂದು ಕುಣಿದಾಡಿದರೆ, ಮೇಷ್ಟ್ರು ಎರಡು ತಂತಿ ದಾಟಿ ಎರಡು ಮನೆ ಮುಂದಕ್ಕೆ ಬೆರಳಿಟ್ಟು, ಇಲ್ಲೂ ಅವರೇ ಎಂದರು. ಅಲ್ಲಿಂದ ಮತ್ತೆ ಎರಡು ತಂತಿ ದಾಟಿ ಎರಡು ಮನೆ ಹೋದೆ, ತಾವಿರಲಿಲ್ಲ. ಕೆಳಗಿನಿಂದ ಎಣಿಸಿದರೆ ಎರಡನೆಯದಾದ ಆ ತಂತಿಯ ಮೇಲೆ ಮಾತ್ರ ತಾವು ಇನ್ನೊಂದು ಮನೆ ಮುಂದೆ ಹೋಗಿ ಕೂತಿರುತ್ತೀರಂತೆ, ಆ ತಂತಿಯನ್ನು ಬಿಗಿಯುವ ಲೆಕ್ಕವೇ ಬೇರೆಯಂತೆ. ಐದು ತಂತಿಗಳಿಗೆ ಒಂದು ನ್ಯಾಯ, ಒಂದಕ್ಕೆ ಇನ್ನೊಂದು ನ್ಯಾಯ! ಮನೆಯ ಚಿಕ್ಕ ಸೊಸೆಗೂ ಇಷ್ಟು ಸಲಿಗೆ ಕೊಡುವುದಿಲ್ಲ. ಬೇಸತ್ತು ಬೆರಳನ್ನೇ ಎತ್ತಿಬಿಟ್ಟೆ; ಖಾಲಿ ತಂತಿಯೊಂದು ತಾನಾಗಿ ನುಡಿಯಿತು; ಮೇಷ್ಟ್ರು ನಕ್ಕು, "ಅದೂ ಅವರೇ" ಎಂದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿದ್ದೆ. ಊರಿನ ಪ್ರತಿ ಮನೆಯಲ್ಲೂ ಅದೇ ಕೂಸನ್ನು ಇಟ್ಟು ತಾಯಿಯನ್ನು ಹುಡುಕಲು ಕಳಿಸಿದ ಕೀರ್ತಿ ತಮ್ಮದು.

ಹಲಗೆಯ ಮೇಲೆ ಅಲ್ಲಲ್ಲಿ ಮುತ್ತಿನಂಥ ಬಿಳಿ ಚುಕ್ಕೆಗಳಿವೆಯಲ್ಲ, ಅವು ತಮ್ಮ ಮನೆಯ ಗುರುತು ಎಂದು ನಂಬಿ ಒಂದೊಂದನ್ನೂ ಭಕ್ತಿಯಿಂದ ಒತ್ತಿದೆ. ಅವು ಬರೀ ಬೀದಿದೀಪಗಳೆಂದು ಆಮೇಲೆ ತಿಳಿಯಿತು. ಇನ್ನೊಮ್ಮೆ ಅದೇ ನಮೂನೆ, ಅವೇ ಮನೆಗಳು, ಒಂದೂ ತಪ್ಪಲಿಲ್ಲ. ಆದರೆ ತಮ್ಮನ್ನು ಬಿಟ್ಟು ಬೇರೆ ಯಾರನ್ನೋ ಯಜಮಾನರೆಂದು ತಿಳಿದು ಅಲ್ಲಿಂದ ಹೊರಟು ಅಲ್ಲಿಗೇ ಬಂದು ನಿಂತೆ. ಮಕ್ಕಳು ಚಪ್ಪಾಳೆ ತಟ್ಟಬೇಕಾದ ಹಾಡು ಹೇಗೆ ಕೇಳಿಸಿತೆಂದರೆ, ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದು, "ಯಾರು ಹೋದ್ರೋ? ಯಾಕೆ ಮೊದಲೇ ಹೇಳ್ಲಿಲ್ಲ?" ಎಂದಳು. ಕುರ್ಚಿಗಳೆಲ್ಲ ಅವೇ ಇದ್ದು, ಯಜಮಾನನ ಕುರ್ಚಿಯಲ್ಲಿ ಬೇರೊಬ್ಬ ಕೂತ ಮಾತ್ರಕ್ಕೆ ಮದುವೆಮನೆ ಸೂತಕದ ಮನೆಯಾಗುತ್ತದೆಂದರೆ, ತಮ್ಮ ಪ್ರತಾಪಕ್ಕೆ ನನ್ನ ಸಲಾಂ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಅಕ್ಕ ನನಗೆ ದಿನವೂ ಊಟದ ಜೊತೆ ಬಡಿಸಿದಳು. ಆದರೆ ತಾವೇ ಹೇಳಿ, ನೆಲ ನಿಜಕ್ಕೂ ಡೊಂಕಾಗಿದ್ದರೆ?

ಈಗ ತೂತಿನ ವಿಚಾರ. ನಾನು ಸೋಲುವ ಕುಳವಲ್ಲ. ತೋಳು, ಕಾಲರು, ಜೇಬು ಯಾವುದಕ್ಕಾದರೂ ನಮ್ಮ ಕಸುಬಿನಲ್ಲಿ ಮೊದಲು ಖಾಕಿ ಕಾಗದದಲ್ಲಿ ಅಚ್ಚು ಕತ್ತರಿಸಿಕೊಳ್ಳುತ್ತೇವೆ, ಆಮೇಲೆ ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣ ಎಳೆಯುತ್ತೇವೆ. ತಮ್ಮ ಸ್ಕೇಲಿಗೂ ಹಾಗೆಯೇ ಮಾಡಿದೆ. ಐದನೆಯ ಮನೆಯ ಸುತ್ತ ಕಾಗದ ಹಿಡಿದು, ಬೆರಳಿಡಬೇಕಾದ ಕಡೆಯೆಲ್ಲ ತೂತು ಹೊಡೆದು, ತಾವಿರುವ ತೂತುಗಳ ಅಂಚಿಗೆ ಕೆಂಪು ದಾರದ ಕಾಜಾ ಹಾಕಿ, ತಂತಿಗಳ ಕೆಳಗೆ ತೂರಿಸಿದೆ. ಗಿಟಾರಿಗೆ ಬನಿಯನ್ ತೊಡಿಸಿದ ಹಾಗಿತ್ತು, ಆದರೆ ಮಾನ್ಯರೇ, ಬೆರಳು ತೂತು ಹಿಡಿದು ನಡೆದರೆ ಸ್ವರಗಳು ಒಂದರ ಹಿಂದೊಂದು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಏರಿದವು! ನಾನು ಅಂಗಡಿಯ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ ಏರಿಸಿದೆ. ಇಳಿಯುವಾಗ ತಡೆದು ನಿಂತೆ. ಇದು ಬಲತೋಳಾಯಿತು, ಎಡತೋಳು ಎಲ್ಲಿ? ನಲವತ್ತರ ಅಳತೆಯ ಅಂಗಿಯಾಗಲಿ, ಕೂಸಿನ ಕುಲಾವಿಯಾಗಲಿ, ಬಲಭಾಗದ ಅಚ್ಚನ್ನು ಮಗುಚಿ ಹಾಕಿದರೆ ಎಡಭಾಗ ಬಂತೆಂಬುದು ನಮ್ಮ ಕತ್ತರಿಯ ಧರ್ಮ; ಏರುವುದು ಒಂದು ತೋಳಾದರೆ ಇಳಿಯುವುದು ಇನ್ನೊಂದು ತೋಳಲ್ಲವೇ? ಕಾಗದ ಎಳೆದು, ಮಗುಚಿ, ತೂರಿಸಿ, ಇಳಿದೆ.

ಆ ಇಳಿತವನ್ನು ವರ್ಣಿಸಲು ಹಳ್ಳಿಯ ಶಾಲೆಯ ಕನ್ನಡ ಸಾಲದು. ಎದುರಿನ ಅಂಗಡಿಯವನು ಶಟರು ಎಳೆದುಕೊಂಡ. ಅಕ್ಕನ ಮಗಳು ನನ್ನ ಜೊತೆಗೂಡಿ ಹಾಡುತ್ತಿದ್ದವಳು ಅರ್ಧಕ್ಕೆ ನಿಂತು, ಮೆಟ್ಟಿಲು ಇದೆಯೆಂದು ಕಾಲಿಟ್ಟು ಮೆಟ್ಟಿಲಿಲ್ಲದೆ ಎಡವಿದವಳ ಹಾಗೆ ಮುಖ ಮಾಡಿ, ತಪ್ಪು ತನ್ನ ಗಂಟಲಿನದೇ ಎಂದುಕೊಂಡು, "ನೋಡಿದ್ಯಾ ಮಾಮ, ನಂಗೆ ಇಳಿಯೋಕೂ ಬರ್ತಿಲ್ಲ" ಎಂದು ಒಳಗೆ ಹೋದಳು. ನನ್ನ ಬೆರಳಿನ ಅಪರಾಧಕ್ಕೆ ಅವಳ ಗಂಟಲಿಗೆ ಶಿಕ್ಷೆಯಾಯಿತು. ಆಗ ಗುನುಗು ಮೇಷ್ಟ್ರು ಗುನುಗುವುದನ್ನೂ ಮರೆತು ಮಹಡಿ ಇಳಿದು ಬಂದು, ಕಾಗದವನ್ನು ಬೆಳಕಿಗೆ ಹಿಡಿದು, ಮಗುಚಿ ನೋಡಿ, ನನ್ನ ಎಡತೋಳಿನ ಸಿದ್ಧಾಂತವನ್ನು ಪೂರ್ತಿ ಕೇಳಿ, ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅಲ್ಲ ಟೈಲರ್ ಸಾಹೇಬ್ರೇ, ಏಣಿ ಹತ್ತಿದೋನು ಇಳಿಯೋಕೆ ಅಂತ ಏಣೀನ ತಿರುಗಿಸಿ ಇಡ್ತಾನಾ?" ಎಂದರು. ನಾನು ಘನತೆಯಿಂದ, "ಇಡಬಾರದು ಅಂತ ಎಲ್ಲೂ ಬರೆದಿಲ್ವಲ್ಲ" ಎಂದೆ. ಆದರೂ ಒಳಗೆ ಹೋಗಿ ಹುಡುಗಿಗೆ, "ಗಂಟಲು ನಿಂದು ಸರಿ ಇದೆ ಕಣೇ, ತೋಳು ನಂದು ಉಲ್ಟಾ ಆಗಿತ್ತು" ಎಂದು ಹೇಳಿ ಕರೆದುಕೊಂಡು ಬಂದೆ. ಅಲ್ಲಿಂದ ಮುಂದೆ ಏರಿದ ದಾರಿಯಲ್ಲೇ ಇಳಿದು, ಕಾಗದದ ಕೃಪೆಯಿಂದ ಹಾಡು ಐದನೆಯ ಮನೆಯಲ್ಲಿ ಚೆನ್ನಾಗಿಯೇ ಕೂತಿತು.

ಇಷ್ಟಾದ ಮೇಲಾದರೂ ತಾವು ಸುಮ್ಮನಿರಬಹುದಿತ್ತು. ವಾರ್ಷಿಕೋತ್ಸವದ ದಿನ ಹುಡುಗಿ ಬೆಳಗಿನಿಂದ ಮಕ್ಕಳನ್ನು ಸಾಲು ನಿಲ್ಲಿಸಿ, ರೆಕ್ಕೆ ಕಟ್ಟಿ, ಕಿರೀಟ ಸರಿಮಾಡಿ, ಅತ್ತವರನ್ನು ನಗಿಸಿ, ನಕ್ಕವರನ್ನು ಗದರಿಸಿ ವೇದಿಕೆಯ ಪರದೆಯ ಹಿಂದೆ ಬರುವ ಹೊತ್ತಿಗೆ ಗಂಟಲು ಮತ್ತೂ ಕುಸಿದಿತ್ತು. "ಮಾಮ, ಇವತ್ತು ಇನ್ನೂ ಕೆಳಗಿದೆ. ಬೇಡ ಬಿಡು, ಹೆಡ್‌ಮಿಸ್‌ಗೆ ಹೇಳಿಬಿಡ್ತೀನಿ" ಎಂದಳು. "ಹೇಳು ನೋಡೋಣ! ಅಚ್ಚು ಸರಿಸಿದ್ರೆ ಮುಗೀತು. ನಮೂನೆ ಎಲ್ಲಿ ಹೋದ್ರೂ ಅದೇ" ಎಂದು ನಾನು ಎಂದಿನ ಗತ್ತಿನಲ್ಲಿ ಕಾಗದವನ್ನು ಐದನೆಯ ಮನೆಯಿಂದ ಹಿಂದಕ್ಕೆ ಸರಿಸಿದೆ. ಆಗಲೇ ಪರದೆ ಎದ್ದಿತು, ಆಗಲೇ ನಾನು ಕಂಡದ್ದು: ತೂತುಗಳು ಮನೆಗಳ ಮೇಲೆ ಕೂರುತ್ತಿಲ್ಲ! ಮಾನ್ಯರೇ, ಹಲಗೆಯ ತಲೆಯ ಕಡೆಗೆ ಹೋದಂತೆ ಮನೆಗಳು ಅಗಲವಾಗುತ್ತ ಹೋಗುತ್ತವೆಂದು, ಹೊಟ್ಟೆಯ ಕಡೆಗೆ ಕಿರಿದಾಗುತ್ತವೆಂದು, ಜೀವಮಾನವಿಡೀ ಸೊಂಟ ಅಳೆದವನ ಕಣ್ಣಿಗೇ ಬೀಳದ ಹಾಗೆ ಇಟ್ಟಿರಲ್ಲ! ನಮೂನೆ ಅದೇ, ಅಳತೆ ಬೇರೆ. ಸಣಕಲನ ಅಂಗಿಯನ್ನು ಡೊಳ್ಳುಹೊಟ್ಟೆಯವನಿಗೆ ತೊಡಿಸಲು ಹೋದಂತೆ ನಾನು ಎಳೆದೆ. ಕಾಗದ ಪರ್ರೆಂದು ಹರಿದು ಎರಡಾಯಿತು. ಸಭೆಯಲ್ಲಿ ಯಾವುದೋ ಮಗು ಕಿಸಕ್ಕನೆ ನಕ್ಕಿತು.

ಹುಡುಗಿ ನನ್ನ ಕೈಯಲ್ಲಿದ್ದ ಕಾಗದದ ಚೂರುಗಳನ್ನು ನೋಡಿದಳು, ವೇದಿಕೆಯ ಪಕ್ಕದ ಬಾಗಿಲಿನ ಕಡೆಗೊಮ್ಮೆ ನೋಡಿದಳು. ಹೋಗಿಬಿಡುತ್ತಾಳೆ, ಇನ್ನು ಯಾವತ್ತೂ ಹಾಡುವುದಿಲ್ಲ ಎಂದುಕೊಂಡೆ. ನಾನು ಬಗ್ಗಿ ಅವಳಿಗೆ ಮಾತ್ರ ಕೇಳುವಂತೆ, "ಹಾಡು ಕೊನೇಲಿ ಎಲ್ಲಿ ಬಂದು ಕೂರುತ್ತೋ, ಆ ಒಂದು ಸ್ವರ ಗುನುಗು ಮಗಳೇ. ಅಷ್ಟೇ ಸಾಕು" ಎಂದೆ. ಅವಳು ಕಣ್ಣು ಮುಚ್ಚಿ ಗುನುಗಿದಳು. ನಾನು ದಪ್ಪ ತಂತಿಯ ಮೇಲೆ ಬೆರಳಿಟ್ಟು ಐದನೆಯ ಮನೆಯಿಂದ ತೆವಳುತ್ತ ಬಂದೆ. ನಾಲ್ಕನೆಯದರಲ್ಲಿ ಅವಳ ದನಿಯೂ ತಂತಿಯೂ ಅತ್ತೆ ಸೊಸೆಯರ ಹಾಗೆ ಪರಚಿಕೊಂಡವು. ಮೂರನೆಯ ಮನೆಯ ಬಾಗಿಲು ತಟ್ಟಿದೆ, ಜಗಳ ಥಟ್ಟನೆ ನಿಂತಿತು. ಎರಡು ದಾರ ಸೇರಿ ಒಂದೇ ಎಳೆಯಾದ ಹಾಗೆ, ಯಾವುದು ಅವಳು, ಯಾವುದು ತಂತಿ ಎಂದು ತಿಳಿಯದ ಹಾಗೆ. ಅಲ್ಲಿದ್ದಿರಿ ತಾವು, ಕಾಲ ಮೇಲೆ ಕಾಲು ಹಾಕಿಕೊಂಡು!

ಅವಳು ಹಾಡಿದಳು. ಸತ್ಯ ಹೇಳುತ್ತೇನೆ, ನಾನು ಹೆಚ್ಚೇನೂ ನುಡಿಸಲಿಲ್ಲ, ಕಲಿತ ನಮೂನೆಯೆಲ್ಲ ಕಾಗದದ ಜೊತೆಗೇ ಹರಿದು ಹೋಗಿತ್ತು. ಬರೀ ತಮ್ಮನ್ನು ಹಿಡಿದುಕೊಂಡೆ, ದಪ್ಪ ತಂತಿಯಲ್ಲಿ ಒಮ್ಮೆ, ಎರಡು ತಂತಿ ದಾಟಿ ಎರಡು ಮನೆ ಮುಂದೆ ಒಮ್ಮೆ, ಎಲ್ಲಕ್ಕಿಂತ ಸಣ್ಣ ತಂತಿಯಲ್ಲಿ ಒಮ್ಮೆ. ಅವಳು ಎಲ್ಲೆಲ್ಲಿ ತಿರುಗಾಡಿ ಬಂದರೂ ಕೂರಲು ಕುರ್ಚಿ ಹಾಕಿ ಕಾದೆ, ಅಷ್ಟೇ. ಆ ಹೊಸ ದನಿ ಸಭಾಂಗಣದ ನೆಲದಿಂದ ಎದ್ದು ಕುರ್ಚಿಗಳ ಕಾಲು ಹಿಡಿದು ಮೇಲೆ ಬಂತು. ಹಾಡು ಮುಗಿದಾಗ ಮುಂದಿನ ಸಾಲಿನ ಪುಟಾಣಿಗಳು, "ಮಿಸ್, ಇನ್ನೊಂದು! ಮಿಸ್, ದಪ್ಪ ದನೀಲಿ ಇನ್ನೊಂದು!" ಎಂದು ಬೆಂಚು ಬಡಿದವು. ಅವಳು ನನ್ನ ಕಡೆ ತಿರುಗಿಯೂ ನೋಡದೆ, ಎಲ್ಲಿಂದ ಎಂದು ಹೇಳದೆ, ಇನ್ನೊಂದನ್ನು ಎತ್ತಿಕೊಂಡೇಬಿಟ್ಟಳು. ಸಭೆಯ ಮುಂದೆ ನಾನು ಮತ್ತೆ ಮನೆ ಮನೆ ಬಾಗಿಲು ತಟ್ಟುತ್ತ ಹೊರಟೆ. ಎರಡನೆಯ ಚರಣದ ಹೊತ್ತಿಗೆ ತಾವು ಸಿಕ್ಕಿದಿರಿ. ಮೊದಲ ಚರಣದಲ್ಲಿ ನಾನು ತಲೆದೂಗುತ್ತ ಸುಮ್ಮನಿದ್ದುದನ್ನು ಜನ ಕಲೆ ಎಂದುಕೊಂಡರು. ನಾನೂ ತಿದ್ದಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆಗಳು: ತಾವು ತಂಗಿರುವ ಪ್ರತಿ ಮನೆಯ ಮುಂದೆಯೂ ನಾಮಫಲಕ ಹಾಕಿಸತಕ್ಕದ್ದು, ಬೆರಳು ಹತ್ತಿರ ಸುಳಿದಾಗ ಒಮ್ಮೆಯಾದರೂ ಕೆಮ್ಮತಕ್ಕದ್ದು, ಮನೆ ಬದಲಿಸುವಾಗ ಹಿಂದಿನ ದಿನವೇ ತಿಳಿಸತಕ್ಕದ್ದು, ದೂರದಿಂದ ಗುರುತು ಸಿಗುವಂತೆ ತಮಗೆ ನಾನು ಕೆಂಪು ಕೋಟೊಂದನ್ನು ಹೊಲಿದುಕೊಡಲು ಸಿದ್ಧನಿದ್ದೇನೆ, ಆದರೆ ಅಳತೆಗೆ ಒಂದು ಕಡೆ ನಿಲ್ಲುವ ಸೌಜನ್ಯ ತೋರತಕ್ಕದ್ದು, ಮತ್ತು ಎರಡನೆಯ ತಂತಿಗೆ ಕೊಟ್ಟಿರುವ ವಿಶೇಷ ಸವಲತ್ತನ್ನು ಈ ಕೂಡಲೇ, ಅಂದರೆ

ಮಾನ್ಯರೇ, ಕ್ಷಮಿಸಬೇಕು, ವಾಕ್ಯ ಪೂರ್ತಿ ಮಾಡಲಾಗುತ್ತಿಲ್ಲ. ಒಳಗೆ ಹುಡುಗಿ ಪಾತ್ರೆ ತೊಳೆಯುತ್ತ, ಯಾರೂ ಹೇಳದೆ, ಯಾರೂ ಕೇಳದೆ, ತಾನಾಗಿ ಗುನುಗಲು ಶುರು ಮಾಡಿದ್ದಾಳೆ. ಯಾವ ಮನೆಯಿಂದ ಎಂಬುದು ನನಗೆ ತಿಳಿಯುತ್ತಿಲ್ಲ. ನಲ್ಲಿ ನಿಲ್ಲುವುದರೊಳಗೆ ಗಿಟಾರು ಎತ್ತಿಕೊಂಡು ಹುಡುಕಿಕೊಂಡು ಬರಬೇಕು.

ಇಂತು, ಅವಸರದಲ್ಲಿ,
ತಮ್ಮ ವಿಶ್ವಾಸಿ,
ಮೇಲಿನ ಮಹಡಿಯಲ್ಲಿ ಕಲಿತು ಕೆಳಗಿನ ಅಂಗಡಿಯಲ್ಲಿ ನುಡಿಸುವ ಟೈಲರ್ ಮಾಮ

ಮರೆತ ಮಾತು: ಶಾಲೆಯಲ್ಲಿ ಬಿದ್ದ ಚಪ್ಪಾಳೆ ಕೇಳಿದ ಮೇಲೆ ನನ್ನ ಅಕ್ಕನೂ ಹಾಡುವ ಮನಸ್ಸು ಮಾಡಿದ್ದಾಳೆ. "ಅವಳಿಗೆ ಹುಡುಕಿಕೊಟ್ಟೋನು ನಂಗೂ ಹುಡುಕಿಕೊಡೋ" ಎಂದು ಎದುರು ಕೂತು ಒಂದು ಸ್ವರ ಗುನುಗಿದಳು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡದೆ ತಡಕಿದೆ. ಅವಳ ಸ್ವರ ಪ್ರತಿ ಸಲವೂ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತಿತ್ತು. ಇದನ್ನು ಅವಳಿಗೆ ತಿಳಿಸುವ ಧೈರ್ಯ ನನಗಿಲ್ಲ. ಅಷ್ಟು ಮನೆಗಳ ಯಜಮಾನರಾದ ತಾವೇ ಖುದ್ದಾಗಿ ಬಂದು, ಆಕೆಯ ಕೈಯಲ್ಲಿ ಸೌಟು ಇಲ್ಲದ ಸಮಯ ನೋಡಿ, ತಿಳಿಸತಕ್ಕದ್ದು.